ಕೀಮೋ ದಿನಗಳ ನಿದ್ದೆಗೆ, ಆತಂಕಕ್ಕೆ ಅರೋಮಾಥೆರಪಿ: ಮೊದಲು ಏನು, ಆಮೇಲೆ ಏನು

ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಅವರ ಜೊತೆಗಿರುವವರು ನನ್ನ ಬಳಿ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಎರಡೇ ಮಾತು. ಒಂದು: "ಲ್ಯಾವೆಂಡರ್ ತಂದ್ವಿ, ದಿಂಬಿಗೆ ಹಾಕಿದ್ವಿ, ನಿದ್ದೆ ಬರಲಿಲ್ಲ, ತಲೆನೋವು ಬಂತು." ಇನ್ನೊಂದು: "ಮೊದಲೆರಡು ಸಲ ಹಿತವಾಗಿತ್ತು, ಈಗ ಆ ವಾಸನೆ ಬಂದರೇ ಹೊಟ್ಟೆ ತೊಳಸುತ್ತೆ." ಇಲ್ಲಿ ಅರೋಮಾಥೆರಪಿ ಅಂದರೆ ಲ್ಯಾವೆಂಡರ್‌ನಂಥ ಗಿಡಗಳಿಂದ ತೆಗೆದ ಸುಗಂಧ ತೈಲವನ್ನು ಮೂಸುವುದು. ಇಬ್ಬರೂ ಬೈಯುವುದು ಆ ತೈಲವನ್ನು. ತಪ್ಪಿರುವುದು ಬಹುತೇಕ ಸಲ ಕೆಲಸದ ಕ್ರಮದಲ್ಲಿ.

ನಾನೂ ಈ ತಪ್ಪು ಮಾಡಿದವಳೇ. ಅಕ್ಕನ ಮೊದಲ ಕೀಮೋ ದಿನ ಕರ್ಚೀಫಿಗೆ ಐದಾರು ಹನಿ ಲ್ಯಾವೆಂಡರ್ ಹಾಕಿ, ಡ್ರಿಪ್ ಮುಗಿಯುವವರೆಗೂ ಅವಳ ಮೂಗಿನ ಹತ್ತಿರವೇ ಇಟ್ಟಿದ್ದೆ. ಎರಡನೇ ಸಲವೂ ಹಾಗೇ ಮಾಡಿದೆ. ಮೂರನೇ ಕೀಮೋದ ಹಿಂದಿನ ರಾತ್ರಿ ಅದೇ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಚ್ಚಲಿಗೆ ಓಡಿದಳು. ಮೈಯಲ್ಲಿ ಆಗ ಔಷಧವೇ ಇರಲಿಲ್ಲ, ಇದ್ದದ್ದು ವಾಸನೆಯ ನೆನಪು. ನಿದ್ದೆಗೆಂದು ತಂದ ಪರಿಮಳವನ್ನು ನಾನೇ ಕೈಯಾರೆ ವಾಂತಿಯ ಜೊತೆ ಗಂಟು ಹಾಕಿದ್ದೆ.

ವಾಸನೆ ಮೂಗಿನಿಂದ ನೇರವಾಗಿ ಭಯ ಮತ್ತು ನೆನಪನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳಿಗೆ ಹೋಗುತ್ತದೆ. ಹಾಗಾಗಿ ಪರಿಮಳ ನಿದ್ದೆಮಾತ್ರೆಯಂತೆ ಮಂಪರು ತರುವುದಕ್ಕಿಂತ ಹೆಚ್ಚಾಗಿ ಒಂದು ಸಂಕೇತದಂತೆ ಕೆಲಸ ಮಾಡುತ್ತದೆ ಎಂದು ಇಟ್ಟುಕೊಳ್ಳಿ. ಸಂಕೇತವನ್ನು ಮೊದಲು ಕಲಿಸಬೇಕು, ಆಮೇಲೆ ಬಳಸಬೇಕು. ಕೆಳಗಿನ ಹಂತಗಳೆಲ್ಲ ಈ ಲೆಕ್ಕಾಚಾರದ ಮೇಲೆ ನಿಂತಿವೆ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು? ಸೊಸೈಟಿ ಫಾರ್ ಇಂಟಿಗ್ರೇಟಿವ್ ಆಂಕಾಲಜಿ ಮತ್ತು ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಆಂಕಾಲಜಿ ಎಂಬ ಎರಡು ಕ್ಯಾನ್ಸರ್ ತಜ್ಞರ ಸಂಘಗಳು 2023ರಲ್ಲಿ ಸೇರಿ ಹೊರತಂದ ಮಾರ್ಗಸೂಚಿ, ಚಿಕಿತ್ಸೆ ನಡೆಯುತ್ತಿರುವಾಗಿನ ಆತಂಕಕ್ಕೆ ಬಳಸಬಹುದಾದ ವಿಧಾನಗಳಲ್ಲಿ ಮೂಸುವ ಅರೋಮಾಥೆರಪಿಯನ್ನೂ ಸೇರಿಸಿದೆ. ಆದರೆ ಇದರ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚಿನವು ಸಣ್ಣವು. ಇದು ಕ್ಯಾನ್ಸರ್ ಔಷಧವಲ್ಲ, ಗೆಡ್ಡೆಯನ್ನು ಇದು ಕರಗಿಸುವುದಿಲ್ಲ. ಮಲಗುವ ಹೊತ್ತಿನ ಅರ್ಧ ಗಂಟೆಯನ್ನು ಸ್ವಲ್ಪ ಸಲೀಸು ಮಾಡಿದರೆ ಅಷ್ಟೇ ಲಾಭ ಅಂದುಕೊಂಡು ಶುರು ಮಾಡಿ.

ಹಂತ 1: ಬಾಟಲಿ ಕೊಳ್ಳುವ ಮೊದಲು ಆಂಕಾಲಜಿ (ಕ್ಯಾನ್ಸರ್ ಚಿಕಿತ್ಸೆಯ) ತಂಡಕ್ಕೆ ಹೇಳಿ

"ಬರೀ ವಾಸನೆ ತಾನೆ, ಡಾಕ್ಟರಿಗೆ ಯಾಕೆ ಹೇಳಬೇಕು" ಅನ್ನುವವರು ಬಹಳ. ಹೇಳಬೇಕು. ಅಸ್ತಮಾ, ಮೈಗ್ರೇನ್, ಮೂರ್ಛೆ ರೋಗ, ಸುಗಂಧ ದ್ರವ್ಯಗಳ ಅಲರ್ಜಿ ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲೇ ತಿಳಿಸಿ. ಮನೆಯಲ್ಲಿ ಆಕ್ಸಿಜನ್ ಬಳಸುತ್ತಿದ್ದರೆ ಅದರ ಹತ್ತಿರ ಎಣ್ಣೆ ಅಂಶದ ಯಾವುದೂ ಸುಳಿಯಬಾರದು, ಬೆಂಕಿಯ ಅಪಾಯವಿದೆ.

ಗೆಡ್ಡೆ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಆಗಿದ್ದರೆ, ಅಂದರೆ ಈಸ್ಟ್ರೋಜನ್ನಿನಂಥ ಹೆಣ್ಣು ಹಾರ್ಮೋನುಗಳಿಂದ ಬೆಳೆಯುವಂಥದ್ದಾಗಿದ್ದರೆ, ಇನ್ನೊಂದು ಪ್ರಶ್ನೆ ಇದೆ. ಲ್ಯಾವೆಂಡರ್ ಮತ್ತು ಟೀ ಟ್ರೀ ತೈಲವಿದ್ದ ಉತ್ಪನ್ನಗಳನ್ನು ಮೈಗೆ ಹಚ್ಚಿಕೊಳ್ಳುತ್ತಿದ್ದ ಕೆಲವು ಹುಡುಗರಲ್ಲಿ ಸ್ತನ ಬೆಳೆದದ್ದನ್ನು 2007ರಲ್ಲಿ ವೈದ್ಯರು ವರದಿ ಮಾಡಿದ್ದರು. ಪ್ರಯೋಗಾಲಯದ ಜೀವಕೋಶಗಳಲ್ಲಿ ಈ ತೈಲಗಳು ಈಸ್ಟ್ರೋಜನ್ನಿನಂಥ ದುರ್ಬಲ ಚಟುವಟಿಕೆ ತೋರಿಸಿದ್ದವು. ದಿನವೂ ಚರ್ಮಕ್ಕೆ ಹಚ್ಚುವುದಕ್ಕೂ ಹತ್ತಿಯ ಮೇಲಿನ ಒಂದು ಹನಿಯನ್ನು ಕೆಲವು ನಿಮಿಷ ಮೂಸುವುದಕ್ಕೂ ಬಹಳ ಅಂತರವಿದೆ ನಿಜ. ಆದರೂ ವೈದ್ಯರ ಒಪ್ಪಿಗೆ ಇಲ್ಲದೆ ಮೈಗೆ ಹಚ್ಚಬೇಡಿ. ಸೋಂಪು, ಅನೀಸ್, ಕ್ಲೇರಿ ಸೇಜ್ ತೈಲಗಳನ್ನು ಮುನ್ನೆಚ್ಚರಿಕೆಯಾಗಿ ದೂರವಿಡುವುದು ರೂಢಿ. ನಿದ್ದೆಗೆ ಅವುಗಳ ಅಗತ್ಯವೂ ಇಲ್ಲ.

ತೈಲವನ್ನು ಕುಡಿಯುವುದು, ನೀರಿಗೋ ಜೇನಿಗೋ ಬೆರೆಸುವುದು, ನಾಲಿಗೆಗೆ ಹಾಕಿಕೊಳ್ಳುವುದು ಯಾವುದೂ ಬೇಡ. ಲ್ಯಾವೆಂಡರ್ ಕ್ಯಾಪ್ಸೂಲ್‌ಗಳನ್ನೂ ಸ್ವಂತ ನಿರ್ಧಾರದ ಮೇಲೆ ನುಂಗಬೇಡಿ. ಹೊಟ್ಟೆಗೆ ಹೋದದ್ದನ್ನು ಯಕೃತ್ತು ಸಂಭಾಳಿಸಬೇಕು, ಅದೇ ಯಕೃತ್ತು ಕೀಮೋ ಔಷಧಗಳನ್ನೂ ಸಂಭಾಳಿಸುತ್ತಿರುತ್ತದೆ.

ಹಂತ 2: ನಿದ್ದೆ ಕೆಡಿಸುತ್ತಿರುವುದು ಏನು ಅಂತ ಪತ್ತೆ ಮಾಡಿ

ಈ ಹಂತ ಬಿಟ್ಟವರೇ ಹೆಚ್ಚು. ಎಲ್ಲ ನಿದ್ದೆಗೇಡಿಗೂ ಆತಂಕ ಕಾರಣವಲ್ಲ, ಎಲ್ಲ ಚಡಪಡಿಕೆಯೂ ಮನಸ್ಸಿನದಲ್ಲ.

ಕೀಮೋ ದಿನ ಮತ್ತು ಅದರ ಮರುದಿನಗಳಲ್ಲಿ ಕಣ್ಣು ಮುಚ್ಚಲಾಗದೆ, ಆದರೆ ಮೈಯಲ್ಲಿ ಏನೋ ವಿಚಿತ್ರ ಹುರುಪು ಇದ್ದರೆ ಡೆಕ್ಸಾಮೆಥಾಸೋನ್ ಕಡೆ ನೋಡಿ. ವಾಂತಿ ತಡೆಯಲು, ಡೋಸಿಟ್ಯಾಕ್ಸೆಲ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಗಳ ಅಲರ್ಜಿ ತಡೆಯಲು ಕೊಡುವ ಸ್ಟೀರಾಯ್ಡ್ ಇದು. ನಿದ್ದೆ ಓಡಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಇದರ ಮುಂದೆ ಲ್ಯಾವೆಂಡರ್ ಆಟ ನಡೆಯುವುದಿಲ್ಲ. ಮಾಡಬೇಕಾದ್ದು ಒಂದೇ: ಮನೆಯಲ್ಲಿ ನುಂಗುವ ಡೋಸನ್ನು ಬೆಳಗ್ಗೆಗೆ ಅಥವಾ ಮಧ್ಯಾಹ್ನದೊಳಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳುವುದು. ನೀವೇ ನಿಲ್ಲಿಸಬೇಡಿ.

ಕೂತಲ್ಲಿ ಕೂರಲಾಗದೆ, ಕಾಲು ಅಲ್ಲಾಡಿಸುತ್ತಾ, ಎದ್ದು ಓಡಾಡಲೇಬೇಕು ಅನಿಸುತ್ತಿದ್ದರೆ ಅದು ವಾಂತಿ ಮಾತ್ರೆಯ ಅಡ್ಡಪರಿಣಾಮ ಇರಬಹುದು. ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್ ಕೆಲವರಲ್ಲಿ ಹೀಗೆ ಮಾಡುತ್ತವೆ. ನೋಡುವವರಿಗೆ ಥೇಟ್ ಗಾಬರಿಯಂತೆಯೇ ಕಾಣುತ್ತದೆ. ಮಾತ್ರೆ ಬದಲಾಯಿಸಿದರೆ ಹೋಗುವಂಥದ್ದು, ಆದ್ದರಿಂದ ಫೋನ್ ಮಾಡಿ ಹೇಳಿ.

ಮಧ್ಯರಾತ್ರಿ ಬೆವರಿ ಎದ್ದರೆ ಕೀಮೋದಿಂದ ಅಂಡಾಶಯದ ಕೆಲಸ ತಗ್ಗಿ ಬಂದ ಬಿಸಿಯಲೆಗಳು (ಹಾಟ್ ಫ್ಲಾಶ್) ಇರಬಹುದು. ಪದೇಪದೇ ಮೂತ್ರಕ್ಕೆ ಎದ್ದರೆ ಡ್ರಿಪ್‌ನ ನೀರು, ಜೊತೆಗೆ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಇರುವಾಗ ಮೂತ್ರಕೋಶ ಕಾಪಾಡಲು ಕುಡಿಯಬೇಕಾದ ನೀರು. ಆ ನೀರಿನ ಬಹುಪಾಲನ್ನು ಸಂಜೆಯೊಳಗೆ ಕುಡಿದು ಮುಗಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಇವೆಲ್ಲ ಕಳೆದು ಉಳಿಯುವುದು: ದೀಪ ಆರಿಸಿದೊಡನೆ ತಲೆಯೊಳಗೆ ಶುರುವಾಗುವ ಸಂತೆ. ಸ್ಕ್ಯಾನ್ ಏನು ಹೇಳುತ್ತದೋ, ಮಕ್ಕಳ ಗತಿ ಏನೋ, ನಾಳೆ ಸೂಜಿಗೆ ನರ ಸಿಗುತ್ತದೋ ಇಲ್ಲವೋ. ಪರಿಮಳ ಉಪಯೋಗಕ್ಕೆ ಬರುವ ಜಾಗ ಇದು.

ಹಂತ 3: ಬೇಕಾದ ಸಾಮಾನು

ಪಟ್ಟಿ ಚಿಕ್ಕದು. ಒಂದು ಬಾಟಲಿ ತೈಲ. ಬಿಗಿಯಾಗಿ ಮುಚ್ಚುವ ಎರಡು ಸಣ್ಣ ಗಾಜಿನ ಡಬ್ಬಿ, ಹೆಬ್ಬೆರಳಿನಷ್ಟು ಎತ್ತರದವು ಸಾಕು. ಹತ್ತಿ ಉಂಡೆ. ಗಡಿಯಾರ ಅಥವಾ ಫೋನಿನ ಟೈಮರ್. ಥರ್ಮಾಮೀಟರ್. ಒಂದು ನೋಟ್‌ಬುಕ್. ಹೊರಗೆ ಒಯ್ಯಲು ಬೇಕಿದ್ದರೆ ಒಳಗೆ ಹತ್ತಿಯ ಬತ್ತಿಯಿರುವ, ಲಿಪ್‌ಸ್ಟಿಕ್ ಆಕಾರದ ಇನ್ಹೇಲರ್ ಕಡ್ಡಿ.

ಡಬ್ಬಿ ಗಾಜಿನದೇ ಆಗಿರಲಿ, ಈ ತೈಲಗಳು ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಇಡೀ ವಿಧಾನದ ಜೀವ ಇರುವುದು ಡಬ್ಬಿಯ ಮುಚ್ಚಳದಲ್ಲಿ. ದಿಂಬಿಗೆ ಹಾಕಿದ ಹನಿಯನ್ನು ವಾಪಸ್ ತೆಗೆಯಲಾಗದು. ಡಬ್ಬಿಯಲ್ಲಿ ಇರುವುದನ್ನು ಒಂದು ತಿರುವಿಗೆ ಮುಚ್ಚಬಹುದು. ಕೀಮೋ ಸಮಯದಲ್ಲಿ ಹಿಡಿಸಿದ ವಾಸನೆ ಹತ್ತು ನಿಮಿಷಕ್ಕೆ ಹಿಡಿಸದೆ ಹೋಗುವುದುಂಟು.

ನೀರು ತುಂಬಿಸಿ ಮಂಜು ಎಬ್ಬಿಸುವ ಡಿಫ್ಯೂಸರ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ, ಯಂತ್ರ ಅದನ್ನೇ ಕೋಣೆ ತುಂಬ ಹರಡುತ್ತದೆ. ಬಿಳಿ ರಕ್ತಕಣ ಕುಸಿದಿರುವವರ ಕೋಣೆಯಲ್ಲಿ ಇಂಥ ಯಂತ್ರಕ್ಕೆ ಕೆಲಸವಿಲ್ಲ. ಹೊಗೆ ಬಿಡುವ ಧೂಪ, ಸುಗಂಧ ಮೇಣದಬತ್ತಿಗಳೂ ಬೇಡ.

ಹಂತ 4: ತೈಲ ಆರಿಸುವುದು

ಲೇಬಲ್‌ನಲ್ಲಿ ಬರೀ ಲ್ಯಾವೆಂಡರ್ ಎಂದಿದ್ದರೆ ಸಾಲದು, ಸಸ್ಯದ ಪೂರ್ತಿ ಹೆಸರು ಹುಡುಕಿ. ನಿದ್ದೆಗೆ ಬೇಕಾದ್ದು ಲ್ಯಾವಂಡುಲಾ ಅಂಗುಸ್ಟಿಫೋಲಿಯಾ. ಲಿನಲೂಲ್, ಲಿನಲಿಲ್ ಅಸಿಟೇಟ್ ಎಂಬ ಎರಡು ಅಂಶ ಇದರಲ್ಲಿ ಹೆಚ್ಚು, ವಾಸನೆ ಮೃದು. ಲ್ಯಾವಂಡುಲಾ ಲ್ಯಾಟಿಫೋಲಿಯಾ ಅಂದರೆ ಸ್ಪೈಕ್ ಲ್ಯಾವೆಂಡರ್, ಅದರಲ್ಲಿ ಕರ್ಪೂರದ ಅಂಶ ಜಾಸ್ತಿ, ಘಾಟು. ಅದು ಮಲಗಿಸುವುದಕ್ಕಿಂತ ಎಬ್ಬಿಸುವ ಜಾತಿ. ತಲೆನೋವಿನ ದೂರು ತಂದವರ ಬಾಟಲಿ ತಿರುಗಿಸಿ ನೋಡಿದಾಗ ಇದೋ, ಇಲ್ಲವೇ "ಫ್ರಾಗ್ರೆನ್ಸ್ ಆಯಿಲ್" ಎಂಬ ಕೃತಕ ಸುಗಂಧವೋ ಇದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮನೆಯಲ್ಲೇ ಮಾಡಬಹುದಾದ ಒಂದು ಒರಟು ಪರೀಕ್ಷೆ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ದಿನ ಬಿಡಿ. ಲ್ಯಾವೆಂಡರ್ ತೈಲ ಆರಿದ ಮೇಲೆ ಕಾಗದ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಕರಿದ ತಿಂಡಿ ಸುತ್ತಿದ ಕಾಗದದ ಹಾಗೆ ಜಿಡ್ಡು ಉಳಿದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆಸಿದ್ದಾರೆ ಅಂತ. ಕೃತಕ ಸುಗಂಧವನ್ನು ಈ ಪರೀಕ್ಷೆ ಹಿಡಿಯುವುದಿಲ್ಲ, ಅದು ಗೊತ್ತಿರಲಿ.

ಲ್ಯಾವೆಂಡರ್ ಸೇರದವರು ಸಿಹಿ ಕಿತ್ತಳೆ ಅಥವಾ ಬರ್ಗಮಾಟ್ (ಕಿತ್ತಳೆ ಜಾತಿಯದೇ ಇನ್ನೊಂದು ಹಣ್ಣು) ನೋಡಬಹುದು. ಪುದೀನಾ, ರೋಸ್‌ಮೇರಿ, ನೀಲಗಿರಿ ನಿದ್ದೆಗೆ ಅಲ್ಲ, ಇವು ಚುರುಕು ಹೆಚ್ಚಿಸುವ ವಾಸನೆಗಳು. ಕರ್ಪೂರದ ಅಂಶ ಹೆಚ್ಚಿರುವ ತೈಲಗಳು ಮೂರ್ಛೆ ರೋಗ ಇರುವವರಿಗೆ ಅಪಾಯಕಾರಿ ಕೂಡ.

ಬಾಟಲಿ ಗಾಢ ಬಣ್ಣದ ಗಾಜಿನದಿರಲಿ, ಚಿಕ್ಕದಿರಲಿ. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಗಾಳಿ, ಬೆಳಕು ತಾಗಿ ಹಳತಾದ ತೈಲ ಅಲರ್ಜಿ ತರುವ ಸಂಭವ ಹೆಚ್ಚು. ಕಿತ್ತಳೆ ಜಾತಿಯವು ಬೇಗ ಕೆಡುತ್ತವೆ, ವರ್ಷ ದಾಟಿದ್ದನ್ನು ಬಳಸಬೇಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಬೆಕ್ಕು ಸಾಕಿದ್ದರೆ ಮಲಗುವ ಕೋಣೆಯಿಂದ ಅದನ್ನು ಹೊರಗಿಡಿ, ಈ ತೈಲಗಳ ಅಂಶಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ.

ಹಂತ 5: ಮೂಗಿನ ಪರೀಕ್ಷೆ

ಆರಿಸಬೇಕಾದ್ದು ಕೀಮೋ ತೆಗೆದುಕೊಳ್ಳುತ್ತಿರುವವರ ಮೂಗು. ಗಂಡ, ಮಗಳು, ತಂಗಿ ಯಾರ ಇಷ್ಟವೂ ಇಲ್ಲಿ ಲೆಕ್ಕಕ್ಕಿಲ್ಲ.

ಹತ್ತಿಯ ಮೇಲೆ ಒಂದೇ ಹನಿ. ಬಾಟಲಿಯನ್ನು ಬಗ್ಗಿಸಿ ಕಾಯಿರಿ, ಕುಲುಕಬೇಡಿ, ಕುಲುಕಿದರೆ ನಾಲ್ಕು ಹನಿ ಒಟ್ಟಿಗೆ ಬೀಳುತ್ತದೆ. ಹತ್ತಿಯನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು ಮೂರು ಸಹಜ ಉಸಿರು ತೆಗೆದುಕೊಳ್ಳಲಿ. ಹತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಿ. ಅರ್ಧ ಗಂಟೆ ಬಿಟ್ಟು ಕೇಳಿ: ತಲೆ ಭಾರ ಇದೆಯೇ, ಗಂಟಲು ಕೆರೆಯುತ್ತಿದೆಯೇ, ಹೊಟ್ಟೆಯಲ್ಲಿ ಏನಾದರೂ? ಈ ಪರೀಕ್ಷೆಯನ್ನು ಹೊಟ್ಟೆ ಸರಿಯಿರುವ ದಿನ ಹಗಲಿನಲ್ಲಿ ಮಾಡಿ. "ಪರವಾಗಿಲ್ಲ" ಎಂಬ ಉತ್ತರ ಬಂದರೆ ಆ ತೈಲ ಬೇಡ, ಬೇರೆ ನೋಡಿ. "ಚೆನ್ನಾಗಿದೆ, ಇನ್ನೊಂದು ಸಲ ಕೊಡು" ಅನ್ನುವುದು ಬೇಕು.

ಹಿಂದೆ ಇಷ್ಟವಿದ್ದ ಪರಿಮಳ ಈಗಲೂ ಇಷ್ಟವಾಗಬೇಕೆಂದಿಲ್ಲ. ಕೀಮೋ ವಾಸನೆ, ರುಚಿ ಎರಡನ್ನೂ ಬದಲಾಯಿಸುತ್ತದೆ. ಯಾವ ವಾಸನೆಯೂ ಹಿಡಿಸದಿದ್ದರೆ ಇಲ್ಲಿಗೇ ಕೈಬಿಡಿ, ಒತ್ತಾಯ ಮಾಡಬೇಡಿ.

ಹಂತ 6: ಒಳ್ಳೆಯ ದಿನಗಳಲ್ಲಿ ಕಲಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಪರಿಮಳವನ್ನು ಮೊದಲ ಸಲ ಬಳಸಬೇಕಾದ್ದು ಕಷ್ಟದ ರಾತ್ರಿಯಲ್ಲಲ್ಲ, ಹೇಗಿದ್ದರೂ ನಿದ್ದೆ ಬರುವ ರಾತ್ರಿಯಲ್ಲಿ.

ಮೊದಲ ಕೀಮೋಗೆ ಇನ್ನೂ ಒಂದು ವಾರ ಇದ್ದರೆ ಅದೇ ಸೂಕ್ತ ಸಮಯ. ಚಿಕಿತ್ಸೆ ಆಗಲೇ ಶುರುವಾಗಿದ್ದರೆ ಸೈಕಲ್‌ನ ಕೊನೆಯ ದಿನಗಳನ್ನು ಹಿಡಿಯಿರಿ. ಸೈಕಲ್ ಅಂದರೆ ಒಂದು ಕೀಮೋದಿಂದ ಮುಂದಿನ ಕೀಮೋವರೆಗಿನ ಅವಧಿ. 21 ದಿನಗಳ ಸೈಕಲ್ ಆದರೆ 15ನೇ ದಿನದಿಂದ 20ರವರೆಗೆ. 14 ದಿನಗಳದ್ದಾದರೆ 9ರಿಂದ 13. ಪ್ರತಿ ವಾರ ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಳ್ಳುವವರಿಗೆ ಇಂಥ ಬಿಡುವು ಸಿಗುವುದಿಲ್ಲ. ಅವರು ವಾರದಲ್ಲಿ ಮೈ ಹಗುರಾಗಿರುವ ಎರಡು ಮೂರು ರಾತ್ರಿ ಗುರುತಿಸಿಕೊಂಡು, ಎರಡು ವಾರ ಕಲಿಸಬೇಕಾಗುತ್ತದೆ.

ಕ್ರಮ ಹೀಗೆ. ಮಲಗುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ, ಹತ್ತು ಅಂದರೆ ಹತ್ತು. ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಫೋನ್ ಬೇರೆ ಕೋಣೆಗೆ ಹೋಗಲಿ, ದೀಪ ಮಂದವಾಗಲಿ. ಡಬ್ಬಿಯ ಹತ್ತಿಗೆ ಒಂದು ಹನಿ, ಹೆಚ್ಚೆಂದರೆ ಎರಡು. ಮುಚ್ಚಳ ತೆರೆದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಡಿ, ದಿಂಬಿನ ಮೇಲಲ್ಲ. ಒರಗಿಕೊಂಡು ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಎಣಿಕೆ ತಪ್ಪಿದರೆ ತಪ್ಪಲಿ, ಹೊರಗಿನದು ಉದ್ದವಾಗಿದ್ದರೆ ಸಾಕು. ಟೈಮರ್ ಹತ್ತು ನಿಮಿಷಕ್ಕೆ. ಅದು ಹೊಡೆದೊಡನೆ ಜೊತೆಗಿರುವವರು ಡಬ್ಬಿ ಮುಚ್ಚಿ ಕೋಣೆಯಿಂದ ಆಚೆ ಇಡಲಿ. ಆಮೇಲೆ ದೀಪ ಆರಿಸಿ.

ಇಲ್ಲಿ ನಡೆಯುವ ತಪ್ಪು ಯಾವಾಗಲೂ ಒಂದೇ. ಐದು ನಿಮಿಷ ಕಳೆಯುತ್ತಲೇ ವಾಸನೆ ಗೊತ್ತಾಗುವುದು ನಿಲ್ಲುತ್ತದೆ. ತೈಲ ಆರಿಹೋಯಿತು ಅಂದುಕೊಂಡು ಇನ್ನೆರಡು ಹನಿ ಹಾಕುತ್ತಾರೆ, ಆಮೇಲೆ ಇನ್ನೆರಡು. ತೈಲ ಅಲ್ಲೇ ಇದೆ. ಮೂಗು ಅದಕ್ಕೆ ಒಗ್ಗಿಕೊಂಡಿದೆ ಅಷ್ಟೆ. ನಂಬಿಕೆ ಬರದಿದ್ದರೆ ಹೊರಗೆ ಹೋಗಿ ಎರಡು ನಿಮಿಷ ಬಿಟ್ಟು ಬನ್ನಿ, ಬಾಗಿಲಲ್ಲೇ ಗಮ್ಮೆನ್ನುತ್ತದೆ. ಬೆಳಗಿನ ತಲೆನೋವು ಹುಟ್ಟುವುದು ಈ ಹೆಚ್ಚುವರಿ ಹನಿಗಳಿಂದ, ರಾತ್ರಿಯಿಡೀ ತೆರೆದಿಟ್ಟ ಡಬ್ಬಿಯಿಂದ.

ಹತ್ತಿಯನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಿ. ಐದಾರು ರಾತ್ರಿ ಹೀಗೆ ಮಾಡಿದ ಮೇಲೆ, ಮುಚ್ಚಳ ತೆರೆದಾಗ ಆಕಳಿಕೆ ಬರುವುದೋ ಭುಜ ಇಳಿಯುವುದೋ ಆದರೆ ಸಂಕೇತ ಕೂತಿತು ಎಂದರ್ಥ.

ಹಂತ 7: ಕಷ್ಟದ ರಾತ್ರಿಗಳು

ನಿಯಮ ಇಷ್ಟೇ: ವಾಕರಿಕೆ ಇರುವ ರಾತ್ರಿ ಡಬ್ಬಿ ತೆರೆಯಬೇಡಿ. ಸ್ವಲ್ಪ ಇದ್ದರೂ ಬೇಡ. ಕೀಮೋ ದಿನ ಮತ್ತು ನಂತರದ ಮೂರ್ನಾಲ್ಕು ರಾತ್ರಿ ಹೆಚ್ಚಿನವರಿಗೆ ಈ ಪಟ್ಟಿಗೆ ಸೇರುತ್ತವೆ. ಆ ರಾತ್ರಿಗಳಲ್ಲಿ ಉಸಿರಾಟದ ಅಭ್ಯಾಸ, ಮಂದ ದೀಪ, ಮಲಗುವ ಹೊತ್ತು ಎಲ್ಲ ಹಾಗೇ ಇರಲಿ, ಪರಿಮಳ ಒಂದನ್ನು ಬಿಡಿ. ಅಂಥ ಹೊತ್ತಿನಲ್ಲೇ ಅದನ್ನು ಕೈಬಿಡಿ ಅನ್ನುವುದು ಕ್ರೂರವಾಗಿ ಕೇಳಿಸಬಹುದು. ಆದರೆ ಒಂದು ರಾತ್ರಿಯ ಸಮಾಧಾನಕ್ಕೆ ಉಳಿದ ಸೈಕಲ್‌ಗಳ ಪರಿಮಳವನ್ನು ಅಡ ಇಡುವ ವ್ಯಾಪಾರ ಅದು.

ವಾಕರಿಕೆ ಇಳಿದ ಮೊದಲ ರಾತ್ರಿ ಮತ್ತೆ ಒಂದು ಹನಿಯಿಂದ ಶುರು ಮಾಡಿ. ಮಧ್ಯರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ನಿದ್ದೆ ತೂಗಿದಾಗ ವಾಪಸ್ ಬಂದು, ಐದು ನಿಮಿಷ ಡಬ್ಬಿ ತೆರೆಯಿರಿ. ಅದಕ್ಕೆ ಹೊಸ ಹನಿ ಬೇಡ. ಏಳುವಾಗ ನಿಧಾನ, ಕೀಮೋ ದಿನಗಳಲ್ಲಿ ತಲೆ ಸುತ್ತುವುದು ಸಾಮಾನ್ಯ.

ವೈದ್ಯರು ನಿದ್ದೆಗೋ ಆತಂಕಕ್ಕೋ ಮಾತ್ರೆ ಕೊಟ್ಟಿದ್ದರೆ "ಈಗ ಲ್ಯಾವೆಂಡರ್ ಇದೆಯಲ್ಲ" ಅಂತ ಅದನ್ನು ನಿಲ್ಲಿಸಬೇಡಿ.

ಹಂತ 8: ಹಗಲಿನ ಆತಂಕಕ್ಕೆ ಬೇರೆ ಪರಿಮಳ

ನಿದ್ದೆಯ ಪರಿಮಳವನ್ನು ಹಗಲಿನಲ್ಲಿ ಬಳಸಿದರೆ ಸಂಕೇತ ಕಲಸುಮೇಲೋಗರ ಆಗುತ್ತದೆ. ಎರಡನೇ ಡಬ್ಬಿ ಇರುವುದು ಇದಕ್ಕೆ. ಸಿಹಿ ಕಿತ್ತಳೆ ಅಥವಾ ಬರ್ಗಮಾಟ್ ಹಗಲಿಗೆ ಚೆನ್ನಾಗಿ ಹೊಂದುತ್ತವೆ. ಬರ್ಗಮಾಟ್ ಮೂಸುವುದಕ್ಕೆ ಮಾತ್ರ. ಮೈಗೆ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗುತ್ತದೆ.

ಎದೆ ಡವಡವ ಶುರುವಾದಾಗ ಡಬ್ಬಿ ತೆರೆದು, ಕಾಲು ನೆಲಕ್ಕೆ ಊರಿ, ಐದು ದೀರ್ಘ ಉಸಿರು. ಒಂದೆರಡು ನಿಮಿಷದ ಕೆಲಸ. ಇದನ್ನೂ ಮೊದಲು ಶಾಂತವಾಗಿರುವ ಹೊತ್ತಿನಲ್ಲಿ ಎಂಟ್ಹತ್ತು ಸಲ ಮಾಡಿ ರೂಢಿಸಿಕೊಳ್ಳಬೇಕು.

ಹಂತ 9: ಕೀಮೋ ದಿನ ಆಸ್ಪತ್ರೆಯಲ್ಲಿ

ನಿದ್ದೆಯ ಡಬ್ಬಿ ಮನೆಯಲ್ಲೇ ಇರಲಿ. ಇನ್ಹೇಲರ್ ಕಡ್ಡಿಯಲ್ಲಿ ಹಗಲಿನ ಪರಿಮಳವನ್ನು ಒಯ್ಯಬಹುದು, ಆದರೆ ಬಳಸುವುದು ಕಾಯುವ ಹೊತ್ತಿನಲ್ಲಿ, ಸೂಜಿ ಹಾಕುವ ಮೊದಲು. ಡ್ರಿಪ್ ಶುರುವಾದ ಮೇಲೆ ಕಡ್ಡಿ ಚೀಲದೊಳಗೆ.

ವಾರ್ಡ್‌ನಲ್ಲಿ ಕರ್ಚೀಫಿಗೆ, ಬಟ್ಟೆಗೆ ತೈಲ ಹಾಕಬೇಡಿ. ಪಕ್ಕದ ಕುರ್ಚಿಯಲ್ಲಿರುವವರ ಹೊಟ್ಟೆ ಹೇಗಿದೆಯೋ ನಿಮಗೆ ತಿಳಿಯದು. ವಾರ್ಡಿನ ವಾಸನೆಗೇ ವಾಕರಿಕೆ ಶುರುವಾಗುತ್ತಿದ್ದರೆ, ಔಷಧ ಮೈಗೆ ಹೋಗುವ ಮೊದಲೇ ವಾಂತಿ ಬರುವಂತಿದ್ದರೆ, ಮುಂದಿನ ಸೈಕಲ್‌ವರೆಗೆ ಕಾಯದೆ ವೈದ್ಯರಿಗೆ ಹೇಳಿ. ಅದಕ್ಕೆ ಬೇರೆಯದೇ ಮಾತ್ರೆಗಳಿವೆ.

ಮೈಗೆ ಹಚ್ಚಲೇಬೇಕೆಂದಿದ್ದರೆ

ಹಚ್ಚದಿದ್ದರೆ ನಷ್ಟವೇನೂ ಇಲ್ಲ. ಕಾಲು ನೀವಿಸಿಕೊಂಡರೆ ಹಿತ ಅನ್ನುವವರಿಗೆ ಮಾತ್ರ ಈ ಭಾಗ, ಅದೂ ವೈದ್ಯರು ಒಪ್ಪಿದ ಮೇಲೆ. ತೈಲವನ್ನು ನೇರವಾಗಿ ಹಚ್ಚುವಂತಿಲ್ಲ. ವಾಸನೆಯಿಲ್ಲದ ಸಾದಾ ಎಣ್ಣೆ 30 ಮಿಲಿಗೆ 3 ಹನಿ ಸಾಕು. 6 ಹನಿ ಅಂದರೆ ಶೇ. 1 ಆಯಿತು, ಅದನ್ನು ದಾಟಬೇಡಿ. ಮೊದಲು ಶಸ್ತ್ರಚಿಕಿತ್ಸೆ ಆಗದ ಬದಿಯ ಮುಂದೋಳಿನ ಒಳಭಾಗಕ್ಕೆ ಕಾಸಿನಗಲ ಹಚ್ಚಿ 24 ಗಂಟೆ ನೋಡಿ.

ಸ್ತನ, ಶಸ್ತ್ರಚಿಕಿತ್ಸೆಯ ಗಾಯ, ಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಕೊಡಲು ರಕ್ತನಾಳಕ್ಕೆ ಕೂರಿಸಿದ ನಳಿಕೆ) ಇರುವ ಜಾಗ, ರೇಡಿಯೇಷನ್ ಕೊಡುವ ಜಾಗ, ಕಂಕುಳಿನ ಗ್ರಂಥಿ ತೆಗೆದ ಬದಿಯ ತೋಳು, ಒಡೆದ ಚರ್ಮ ಇವೆಲ್ಲ ನಿಷಿದ್ಧ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಮುಟ್ಟಲೇಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಆ ದಿನವೇ ತೋರಿಸಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಒತ್ತುವಂತಿಲ್ಲ, ಬರೀ ಸವರುವುದು. ಟ್ಯಾಕ್ಸೇನ್ ಔಷಧಗಳಿಂದ (ಡೋಸಿಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್) ಪಾದ ಜೋಮು ಹಿಡಿದಿದ್ದರೆ ಉರಿ ಗೊತ್ತಾಗುವುದಿಲ್ಲ, ಆದ್ದರಿಂದ ಕಣ್ಣಿನಿಂದ ನೋಡಿ ಕೆಂಪಾಗಿದೆಯೇ ಅಂತ ಪರೀಕ್ಷಿಸಬೇಕು.

ತೈಲ ಚರ್ಮಕ್ಕೆ ಚೆಲ್ಲಿ ಉರಿದರೆ ಮೊದಲು ಸಾದಾ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು ನೀರು. ಬರೀ ನೀರು ಅದನ್ನು ತೆಗೆಯುವುದಿಲ್ಲ. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಡಬ್ಬಿ ಮುಚ್ಚಿ ಫೋನ್ ಎತ್ತಬೇಕಾದ ಲಕ್ಷಣಗಳು

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಯ ತುರ್ತು ನಂಬರಿಗೆ ಕರೆ ಮಾಡಿ. ಚಳಿ, ನಡುಕ, ಏನೋ ಒಂಥರಾ ಕಳವಳ ಇದ್ದಾಗ ಆತಂಕ ಅಂದುಕೊಂಡು ಲ್ಯಾವೆಂಡರ್ ಹಿಡಿಯುವ ಮೊದಲು ಥರ್ಮಾಮೀಟರ್ ಇಡಿ. ಅದನ್ನು ಸಾಮಾನಿನ ಪಟ್ಟಿಗೆ ಸೇರಿಸಿದ್ದು ಇದಕ್ಕೇ.

ಉಸಿರು ಕಟ್ಟುವುದು, ಎದೆನೋವು, ಕೂತಿದ್ದಾಗಲೂ ಎದೆ ಬಡಿತ ಜೋರು, ಚಪ್ಪಟೆ ಮಲಗಿದರೆ ಏದುಸಿರು: ಇವು ಗಾಬರಿಯಂತೆ ಕಾಣಬಹುದು, ಆದರೆ ರಕ್ತಹೀನತೆ, ಶ್ವಾಸಕೋಶದಲ್ಲಿ ಹೆಪ್ಪು, ಇಲ್ಲವೇ ಹೃದಯದ ತೊಂದರೆ ಆಗಿರಲೂಬಹುದು. ಡಾಕ್ಸೊರುಬಿಸಿನ್, ಟ್ರಾಸ್ಟುಜುಮ್ಯಾಬ್ ಎರಡೂ ಹೃದಯಕ್ಕೆ ಪೆಟ್ಟು ಕೊಡಬಲ್ಲ ಔಷಧಗಳು. ಅದು ಮನಸ್ಸಿನದೋ ಮೈಯದೋ ಎಂದು ವೈದ್ಯರೇ ಹೇಳಲಿ.

ಮೂಸಿದೊಡನೆ ಸುಯ್ಲು, ಕೆಮ್ಮು, ಕಣ್ಣು ತುರಿಕೆ, ದದ್ದು ಬಂದರೆ ಆ ತೈಲ ಮತ್ತೆ ಬೇಡ. ಸಾಯುವ ಯೋಚನೆ ಬರುತ್ತಿದ್ದರೆ, ದಿನವಿಡೀ ಅಳು ನಿಲ್ಲದಿದ್ದರೆ, ಹಾಸಿಗೆ ಬಿಟ್ಟು ಏಳುವ ಮನಸ್ಸೇ ಇಲ್ಲದಿದ್ದರೆ ಅದಕ್ಕೆ ಬೇಕಾದ್ದು ಮನೋವೈದ್ಯರ ನೆರವು, ತಡಮಾಡದೆ.

ಹಂತ 10: ಬರೆದಿಡಿ, ಎರಡು ಸೈಕಲ್ ಆದ ಮೇಲೆ ತೀರ್ಮಾನಿಸಿ

ದಿನಕ್ಕೊಂದು ಸಾಲು ಸಾಕು: ಸೈಕಲ್‌ನ ಎಷ್ಟನೇ ದಿನ, ಪರಿಮಳ ಬಳಸಿದ್ದು ಹೌದೋ ಇಲ್ಲವೋ, ದೀಪ ಆರಿಸಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಅಂದಾಜು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ವಾಕರಿಕೆ ಮತ್ತು ಆತಂಕಕ್ಕೆ 0ರಿಂದ 10ರೊಳಗೆ ಒಂದೊಂದು ಅಂಕ. ಅಕ್ಕನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: "17ನೇ ದಿನ, ಕಿತ್ತಳೆ, 10ಕ್ಕೆ ದೀಪ, 10.40ಕ್ಕೆ ನಿದ್ದೆ, 2 ಸಲ ಎಚ್ಚರ, ವಾ 0, ಆ 4." ಲ್ಯಾವೆಂಡರ್ ಹಾಳಾದ ಮೇಲೆ ನಾವು ರಾತ್ರಿಗೆ ಕಿತ್ತಳೆಗೆ ಬದಲಾದೆವು, ಮತ್ತೆ ಐದನೇ ಹಂತದಿಂದ ಶುರು ಮಾಡಿ.

ಹೋಲಿಸುವಾಗ ನಿನ್ನೆಯನ್ನು ಇವತ್ತಿನ ಜೊತೆ ಇಡಬೇಡಿ. 3ನೇ ದಿನಕ್ಕೂ 18ನೇ ದಿನಕ್ಕೂ ಹೋಲಿಕೆಯೇ ಇಲ್ಲ, ಒಂದು ಸ್ಟೀರಾಯ್ಡ್‌ನ ರಾತ್ರಿ, ಇನ್ನೊಂದು ಅಲ್ಲ. ಈ ಸೈಕಲ್‌ನ 12ನೇ ರಾತ್ರಿಯನ್ನು ಹಿಂದಿನ ಸೈಕಲ್‌ನ 12ನೇ ರಾತ್ರಿಯ ಪಕ್ಕದಲ್ಲಿಡಿ.

ಎರಡು ಸೈಕಲ್ ಕಳೆದರೂ ವ್ಯತ್ಯಾಸ ಕಾಣದಿದ್ದರೆ ತೈಲ ಬದಲಾಯಿಸುತ್ತಾ ಕೂರಬೇಡಿ, ನಿಲ್ಲಿಸಿ. ನೋಟ್‌ಬುಕ್ಕನ್ನು ಆಂಕಾಲಜಿಸ್ಟ್ ಮುಂದಿಟ್ಟು, ನಿದ್ದೆಗೇಡಿಗೆಂದೇ ಇರುವ ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಸಿಗುತ್ತದೆಯೇ ಎಂದು ಕೇಳಿ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಆಯ್ಕೆಯಾಗಿ ವೈದ್ಯರು ಸೂಚಿಸುವುದು ಅದನ್ನೇ. ನೀವು ಬರೆದಿಟ್ಟ ಸಾಲುಗಳು ಅಲ್ಲಿ ಮೊದಲ ದಿನವೇ ಕೆಲಸಕ್ಕೆ ಬರುತ್ತವೆ.